‘ಹಾಗೆ ಮಾಡದಿದ್ದರೆ’ ಎಂಬ ಇನ್ನೊಂದು ಲೋಕ

(ಜುಮಾ ಖುತ್ಬಾಕ್ಕೆ ಮುಂಚೆ ಕನ್ನಡದಲ್ಲಿ ಮಾಡಿದ ಪ್ರವಚನದ ಸಾರಾಂಶ)



ಇವತ್ತು ನಾನು ಎತ್ತಿಕೊಂಡಿರುವ ವಿಷಯ ಕೇಳಿದರೆ ನಿಮ್ಮಲ್ಲಿ ಕೆಲವರಿಗೆ ‘ಇಮಾಮರಿಗೆ ಇದೆಲ್ಲ ಯಾಕೆ ಬೇಕಿತ್ತು’ ಎನ್ನಿಸಬಹುದು. ನನಗೂ ಹಾಗೆಯೇ ಅನಿಸಿತ್ತು. ಕೆಲವು ತಿಂಗಳ ಹಿಂದೆ ಮಗ್ರಿಬ್ ಮುಗಿಸಿ ಮದ್ರಸಾದ ಲೆಕ್ಕ ಬರೆಯಲು ಅವಸರದಲ್ಲಿ ಹೊರಟಿದ್ದೆ. ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿ ಓದುವ ಹುಡುಗನೊಬ್ಬ ಮೆಟ್ಟಿಲ ಬಳಿ ನಿಲ್ಲಿಸಿದ. ಅವನ ಹೆಸರು ಹೇಳುವುದಿಲ್ಲ.

“ಉಸ್ತಾದ್, ಒಂದು ಪ್ರಶ್ನೆ ಉಂಟು. ಪ್ಯಾರಲಲ್ ಯೂನಿವರ್ಸ್ ಅಂತ ಹೇಳ್ತಾರಲ್ಲ, ನಮ್ಮ ಹಾಗೆಯೇ ಇನ್ನೊಂದು ವಿಶ್ವ, ಅದನ್ನು ನಂಬಬಹುದಾ?”

“ಅದೆಲ್ಲ ಸಿನಿಮಾ ಕಥೆ ಮಗಾ. ಮೊದಲು ಫಜ್ರ್‌ಗೆ ಬಾ” ಎಂದೆ. ಅವನು ಸುಮ್ಮನೆ ಹೋದ. ಒಳ್ಳೆಯ ಉತ್ತರ ಕೊಟ್ಟೆ ಎಂದು ನನಗೆ ಒಳಗೊಳಗೇ ಖುಷಿಯೂ ಆಗಿತ್ತು. ಅಲ್ಲಾಹನು ನನ್ನನ್ನು ಕ್ಷಮಿಸಲಿ.

ಎರಡು ವಾರ ಕಳೆದು ಅವನು ಮತ್ತೆ ಬಂದ. ಇಶಾ ಮುಗಿದು ಎಲ್ಲರೂ ಹೋದ ಮೇಲೆ ಹೌಝಿನ ಕಟ್ಟೆಯಲ್ಲಿ ಕುಳಿತುಕೊಂಡ. ಈ ಸಲ ಪ್ರಶ್ನೆ ಬೇರೆ ಇತ್ತು. “ಉಸ್ತಾದ್, ಇನ್ನೊಂದು ವಿಶ್ವ ಇದ್ದರೆ ಅಲ್ಲಿ ನನ್ನ ಅಣ್ಣ ಬದುಕಿರಬಹುದಾ?”

ಅವನ ಅಣ್ಣ ತೀರಿಹೋದದ್ದು ನಮಗೆಲ್ಲ ಗೊತ್ತು. ಬೇರೆ ಊರಿನಲ್ಲಿ ಕೆಲಸಕ್ಕಿದ್ದ, ರಾತ್ರಿ ಮಳೆಯಲ್ಲಿ ಬೈಕಿನಲ್ಲಿ ಮನೆಗೆ ಬರುವಾಗ ಅಪಘಾತವಾಯಿತು, ಇದೇ ಮಸೀದಿಯಲ್ಲಿ ಜನಾಝಾ ನಮಾಝ್ ಮಾಡಿದೆವು. ಗೊತ್ತಿಲ್ಲದ ಒಂದು ವಿಷಯವನ್ನು ಹುಡುಗ ಅವತ್ತು ಹೇಳಿದ. ಅಣ್ಣ ಮರುದಿನ ಬೆಳಿಗ್ಗೆ ಬಸ್ಸಿಗೆ ಬರುತ್ತೇನೆ ಎಂದಿದ್ದನಂತೆ. ಇವನೇ ಫೋನ್ ಮಾಡಿ “ಇವತ್ತೇ ಬಾ, ನಾಳೆ ಬೆಳಿಗ್ಗೆ ಒಟ್ಟಿಗೆ ಹೋಗಲಿಕ್ಕೆ ಉಂಟು” ಎಂದನಂತೆ. ಅಣ್ಣ ಬೈಕು ತೆಗೆದ.

ಎಂಟು ತಿಂಗಳಿಂದ ಈ ಹುಡುಗ ರಾತ್ರಿಯಿಡೀ ಮೊಬೈಲಿನಲ್ಲಿ ಸಮಾಂತರ ವಿಶ್ವಗಳ ವಿಡಿಯೋ ನೋಡುತ್ತಿದ್ದ. ಆ ಫೋನ್ ಮಾಡದ ಇನ್ನೊಬ್ಬ ತಾನು ಎಲ್ಲಾದರೂ ಇದ್ದಾನೆಯೇ ಎಂದು ಹುಡುಕುತ್ತಿದ್ದ. ನಾನು ಅವನಿಗೆ ಸಿನಿಮಾ ಕಥೆ ಎಂದಿದ್ದೆ.

ಆ ರಾತ್ರಿಯಿಂದ ನಾನೂ ಸ್ವಲ್ಪ ಓದಿದೆ. ನನ್ನ ಬಿ.ಎ.ಯಲ್ಲಿ ವಿಜ್ಞಾನ ಇರಲಿಲ್ಲ, ಹಾಗಾಗಿ ನನಗೆ ಅರ್ಥವಾದಷ್ಟನ್ನು ಮಾತ್ರ ಹೇಳುತ್ತೇನೆ. ಅಣುವಿಗಿಂತಲೂ ಸಣ್ಣ ಕಣಗಳ ಲೋಕದಲ್ಲಿ ಒಂದು ವಿಚಿತ್ರವಿದೆ. ನಾವು ಅಳೆದು ನೋಡುವ ತನಕ ಆ ಕಣ ಹೀಗಿದೆ ಅಥವಾ ಹಾಗಿದೆ ಎಂದು ಖಚಿತವಾಗಿ ಹೇಳಲು ಗಣಿತ ಬಿಡುವುದಿಲ್ಲ. ಎರಡೂ ಸಾಧ್ಯತೆಗಳು ಒಟ್ಟಿಗೆ ಇವೆ ಎನ್ನುತ್ತದೆ. ಆಸ್ಟ್ರಿಯಾದ ವಿಜ್ಞಾನಿ ಶ್ರೋಡಿಂಗರ್ 1935ರಲ್ಲಿ ಇದರ ಬಗ್ಗೆ ಒಂದು ಚಿಂತನಾ ಪ್ರಯೋಗ ಮಾಡಿದರು. ಚಿಂತನಾ ಪ್ರಯೋಗವೆಂದರೆ ಮನಸ್ಸಿನಲ್ಲಿ ಮಾತ್ರ ಮಾಡುವ ಪ್ರಯೋಗ, ‘ಹೀಗಾದರೆ ಏನಾಗುತ್ತದೆ’ ಎಂದು ಕಲ್ಪಿಸಿ ನೋಡುವುದು. ಒಂದು ಪೆಟ್ಟಿಗೆಯಲ್ಲಿ ಬೆಕ್ಕು. ಜೊತೆಗೆ ಒಂದು ಚೂರು ವಿಕಿರಣ ವಸ್ತು. ಒಂದು ಗಂಟೆಯೊಳಗೆ ಅದರ ಒಂದು ಪರಮಾಣು ಒಡೆಯಬಹುದು, ಒಡೆಯದೆಯೂ ಇರಬಹುದು. ಒಡೆದರೆ ಸುತ್ತಿಗೆ ಬಿದ್ದು ವಿಷದ ಶೀಶೆ ಒಡೆಯುತ್ತದೆ, ಬೆಕ್ಕು ಸಾಯುತ್ತದೆ. ಹಾಗಾದರೆ ಪೆಟ್ಟಿಗೆ ತೆರೆಯುವ ತನಕ ಬೆಕ್ಕು ಬದುಕಿಯೂ ಇದೆ, ಸತ್ತೂ ಇದೆ ಎನ್ನಬೇಕೇ? ಇದು ಎಷ್ಟು ಅಸಂಗತ ನೋಡಿ ಎಂದು ತೋರಿಸುವುದೇ ಶ್ರೋಡಿಂಗರರ ಉದ್ದೇಶವಾಗಿತ್ತು.

ಇದನ್ನು ನಮ್ಮ ಹಿರಿಯರೊಬ್ಬರಿಗೆ ಹೇಳಿದಾಗ ಅವರು “ಬೆಕ್ಕನ್ನು ಕೂಡಿಹಾಕಿ ಸಾಯಿಸಿದ ಹೆಂಗಸಿನ ಹದೀಸ್ ಆ ಸಾಹೇಬರಿಗೆ ಗೊತ್ತಿಲ್ವಾ” ಎಂದು ಸಿಟ್ಟಾದರು. ಕಾಕಾ, ಬೆಕ್ಕನ್ನು ನಿಜವಾಗಿ ಯಾರೂ ಹಾಕಲಿಲ್ಲ ಎಂದು ಸಮಾಧಾನ ಮಾಡಬೇಕಾಯಿತು.

ಆಮೇಲೆ 1957ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಹ್ಯೂ ಎವರೆಟ್ ಎಂಬ ಯುವ ವಿದ್ಯಾರ್ಥಿ ತನ್ನ ಪಿಎಚ್.ಡಿ. ಪ್ರಬಂಧದಲ್ಲಿ ಬೇರೆ ದಾರಿ ಹಿಡಿದ. ಗಣಿತ ಹೇಳುವುದನ್ನು ಹಾಗೆಯೇ ಒಪ್ಪಿಕೊಳ್ಳೋಣ, ಎರಡು ಸಾಧ್ಯತೆಗಳಲ್ಲಿ ಒಂದು ಮಾಯವಾಗುವುದೇ ಇಲ್ಲ, ಎರಡೂ ನಡೆಯುತ್ತವೆ, ನೋಡುವವನೂ ಎರಡಾಗುತ್ತಾನೆ ಎಂಬುದು ಅದರ ಸಾರ. ಒಂದು ಕವಲಿನಲ್ಲಿ ಬೆಕ್ಕು ಬದುಕಿದ್ದನ್ನು ನೋಡಿದವನು, ಇನ್ನೊಂದರಲ್ಲಿ ಸತ್ತದ್ದನ್ನು ನೋಡಿದವನು. ‘ಅನೇಕ ಲೋಕಗಳು’ ಎಂಬ ಹೆಸರು ಪ್ರಸಿದ್ಧವಾದದ್ದು ಆಮೇಲೆ, ಬೇರೆಯವರಿಂದ. ಎವರೆಟ್ ಭೌತಶಾಸ್ತ್ರವನ್ನೇ ಬಿಟ್ಟು ಅಮೆರಿಕದ ರಕ್ಷಣಾ ಇಲಾಖೆಯ ಕೆಲಸಕ್ಕೆ ಹೋದರು. ಇವತ್ತು ಕೆಲವು ದೊಡ್ಡ ವಿಜ್ಞಾನಿಗಳು ಇದನ್ನು ಒಪ್ಪುತ್ತಾರೆ, ಕೆಲವರು ನಗುತ್ತಾರೆ. ಒಂದು ಕವಲಿನಿಂದ ಇನ್ನೊಂದಕ್ಕೆ ಹೋಗಲು, ಮಾತಾಡಲು, ಇಣುಕಲು ದಾರಿಯಿದೆ ಎಂದು ಈ ಸಿದ್ಧಾಂತ ಹೇಳುವುದಿಲ್ಲ. ಸಿನಿಮಾದಲ್ಲಿ ಬಾಗಿಲು ತೆರೆದು ಆಚೆ ಹೋಗುತ್ತಾರಲ್ಲ, ಅದು ಸಿನಿಮಾದ್ದು ಮಾತ್ರ.

ಇಸ್ಲಾಮಿನಲ್ಲಿ ಇಂಥದ್ದನ್ನು ಯೋಚಿಸುವುದೇ ತಪ್ಪು ಎಂದು ಯಾರಾದರೂ ಹೇಳಿದರೆ ಅವರಿಗೆ ನಮ್ಮ ಹಿಂದಿನ ಉಲಮಾಗಳ ಪರಿಚಯವಿಲ್ಲ ಎಂದರ್ಥ. ಇಮಾಮ್ ಫಖ್ರುದ್ದೀನ್ ರಾಝಿ ತೀರಿಕೊಂಡದ್ದು ಕ್ರಿ.ಶ. 1210ರಲ್ಲಿ. ಅವರು ತಮ್ಮ ದೊಡ್ಡ ತಫ್ಸೀರಿನಲ್ಲಿ, ನಾವು ದಿನಕ್ಕೆ ಎಷ್ಟೋ ಸಲ ಓದುವ ಫಾತಿಹಾದ ‘ರಬ್ಬುಲ್ ಆಲಮೀನ್’ ಎಂಬಲ್ಲಿ ನಿಂತು, ಈ ಲೋಕದ ಆಚೆ ಸಾವಿರ ಸಾವಿರ ಲೋಕಗಳನ್ನು ಸೃಷ್ಟಿಸುವ ಸಾಮರ್ಥ್ಯ ಅಲ್ಲಾಹನಿಗಿದೆ, ಲೋಕ ಒಂದೇ ಎಂದು ಸಾಧಿಸುವ ದಾರ್ಶನಿಕರ ವಾದ ದುರ್ಬಲ ಎಂದು ಬರೆದರು. ಅವನು ಮಾಡಬಲ್ಲ ಎಂದರು; ಮಾಡಿದ್ದಾನೆ ಎನ್ನಲಿಲ್ಲ. ಈ ಎರಡರ ವ್ಯತ್ಯಾಸ ನಮ್ಮ ವಾಟ್ಸಾಪ್ ವಿದ್ವಾಂಸರಿಗೆ ತಿಳಿಯುವುದಿಲ್ಲ. ಸೂರಃ ತಲಾಕ್‌ನ ಕೊನೆಯ ಆಯತ್‌ನಲ್ಲಿ ಏಳು ಆಕಾಶಗಳ ಮತ್ತು ಅವುಗಳಂತೆ ಭೂಮಿಯ ಪ್ರಸ್ತಾಪ ಬರುತ್ತದೆ. ಅದನ್ನು ಹಿಡಿದು ‘ವಿಜ್ಞಾನ ಈಗ ಹೇಳುವುದನ್ನು ಕುರ್‌ಆನ್ 1400 ವರ್ಷ ಹಿಂದೆಯೇ ಹೇಳಿದೆ’ ಎಂದು ಫಾರ್ವರ್ಡ್ ಮಾಡುತ್ತಾರೆ. ನಾಳೆ ವಿಜ್ಞಾನಿಗಳು ಆ ಊಹೆಯನ್ನು ಕೈಬಿಟ್ಟರೆ ಆಗ ಏನು ಫಾರ್ವರ್ಡ್ ಮಾಡುತ್ತೀರಿ? ಆ ಏಳು ಭೂಮಿಗಳಲ್ಲೂ ನಮ್ಮ ಆದಮರಂಥ ಆದಮ್, ನಮ್ಮ ನೂಹರಂಥ ನೂಹ್ ಇದ್ದಾರೆ ಎಂಬ ಒಂದು ವರದಿ ಇಬ್ನು ಅಬ್ಬಾಸ್(ರ)ರ ಹೆಸರಿನಲ್ಲಿದೆ. ಇಮಾಮ್ ಬೈಹಕೀ ಅದರ ಸನದನ್ನು ಒಪ್ಪಿಯೂ ಅದು ಒಂಟಿ ವರದಿ, ಬೇರೆ ಬೆಂಬಲವಿಲ್ಲ ಎಂದು ಪಕ್ಕಕ್ಕಿಟ್ಟರು. ಹತ್ತೊಂಬತ್ತನೇ ಶತಮಾನದಲ್ಲಿ ಉತ್ತರ ಭಾರತದಲ್ಲಿ ಇದೇ ವರದಿಯ ಮೇಲೆ ನಮ್ಮ ಉಲಮಾಗಳ ನಡುವೆ ಎಷ್ಟು ದೊಡ್ಡ ಜಗಳವಾಯಿತೆಂದರೆ ಅದರ ಗಾಯ ಇವತ್ತಿಗೂ ಮಾಗಿಲ್ಲ. ಅದನ್ನು ನಾನು ಕೆದಕುವುದಿಲ್ಲ.

ಈಗ ಹೌಝಿನ ಕಟ್ಟೆಗೆ ಬರೋಣ. ಹುಡುಗನಿಗೆ ಬೇಕಾದದ್ದು ರಾಝಿಯೂ ಅಲ್ಲ, ಎವರೆಟ್ಟೂ ಅಲ್ಲ. ಅವನಿಗೆ ಅಣ್ಣ ಬೇಕು.

ನಾನು ಅವನಿಗೆ ಮೊದಲು ಹೇಳಿದ್ದು ಇಷ್ಟು: “ಮಗಾ, ಆ ವಿಜ್ಞಾನಿ ಹೇಳಿದ್ದು ಸರಿ ಎಂದೇ ಇಟ್ಟುಕೊಳ್ಳೋಣ. ಅಲ್ಲೊಂದು ಲೋಕದಲ್ಲಿ ನಿನ್ನ ಅಣ್ಣನಂಥ ಒಬ್ಬ ಬದುಕಿದ್ದಾನೆ. ಆದರೆ ಅವನು ಅಲ್ಲಿಯ ಹುಡುಗನ ಅಣ್ಣ. ನಿನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಮದ್ರಸಾಕ್ಕೆ ತಂದು ಬಿಡುತ್ತಿದ್ದವನು ಇಲ್ಲಿ ನಮ್ಮ ಖಬರಸ್ತಾನದಲ್ಲಿ ಮಲಗಿದ್ದಾನೆ. ನೀನು ದುಆ ಮಾಡಿದರೆ ತಲುಪುವುದು ಇವನಿಗೆ. ಸದಕಾ ಮಾಡಿದರೆ ಪುಣ್ಯ ಸಿಗುವುದು ಇವನಿಗೆ. ಆಖಿರತ್‌ನಲ್ಲಿ ನಿನ್ನ ಹೆಸರು ಹಿಡಿದು ಕರೆಯುವವನೂ ಇವನೇ, ಇನ್‌ಶಾ ಅಲ್ಲಾಹ್. ಅವನನ್ನು ಇಲ್ಲಿ ಒಬ್ಬಂಟಿ ಬಿಟ್ಟು ನೀನು ಯಾವನನ್ನೋ ಹುಡುಕುತ್ತಿದ್ದೀಯಲ್ಲ?”

ಅವನು ಅತ್ತ. ಅಳಲಿ ಎಂದು ಬಿಟ್ಟೆ. ಪ್ರವಾದಿ(ಸ)ರು ತಮ್ಮ ಪುಟ್ಟ ಮಗ ಇಬ್ರಾಹೀಮರ ಮರಣದ ವೇಳೆ ಅತ್ತಿದ್ದಾರೆ. ಗಂಡುಮಕ್ಕಳು ಅಳಬಾರದು ಎಂಬುದು ನಾವು ಮಾಡಿಕೊಂಡ ಕಾನೂನು.

ಆದರೆ ಅವನ ನಿಜವಾದ ಮುಳ್ಳು ಇನ್ನೂ ಒಳಗೇ ಇತ್ತು. “ನಾನು ಫೋನ್ ಮಾಡದಿದ್ದರೆ?”

ಈ ‘ಮಾಡದಿದ್ದರೆ’ ಇದೆಯಲ್ಲ ಸಹೋದರರೇ, ಇದೂ ಒಂದು ಚಿಂತನಾ ಪ್ರಯೋಗವೇ. ಯಾವ ವಿಶ್ವವಿದ್ಯಾಲಯಕ್ಕೂ ಹೋಗದೆ ನಮ್ಮ ಮನೆಗಳಲ್ಲಿ ದಿನಾ ಮಾಡುವ ಪ್ರಯೋಗ. ಆ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರೆ. ಗಲ್ಫಿಗೆ ಕಳಿಸದಿದ್ದರೆ. ಆ ಸಂಬಂಧಕ್ಕೆ ಹೂಂ ಎನ್ನದಿದ್ದರೆ. ಅರಬಿಯಲ್ಲಿ ಇದಕ್ಕೆ ಎರಡೇ ಅಕ್ಷರ, ‘ಲೌ’. ಅಬೂ ಹುರೈರಾ(ರ) ವರದಿ ಮಾಡಿದ, ಸಹೀಹ್ ಮುಸ್ಲಿಮ್‌ನಲ್ಲಿರುವ ಹದೀಸಿನಲ್ಲಿ ಪ್ರವಾದಿ(ಸ)ರು, ನಿನಗೆ ಉಪಯೋಗವಾಗುವುದಕ್ಕಾಗಿ ಆಸೆಯಿಂದ ಶ್ರಮಿಸು, ಅಲ್ಲಾಹನ ನೆರವು ಕೇಳು, ಕೈಚೆಲ್ಲಬೇಡ ಎಂದು ಮೊದಲು ಕಲಿಸುತ್ತಾರೆ. ಬಳಿಕ, ಏನಾದರೂ ಸಂಭವಿಸಿಬಿಟ್ಟರೆ ‘ಹಾಗೆ ಮಾಡಿದ್ದರೆ ಹೀಗಾಗುತ್ತಿತ್ತು’ ಎನ್ನದೆ ಅದು ಅಲ್ಲಾಹನ ನಿರ್ಣಯವೆಂದು ಹೇಳಲು ತಿಳಿಸುತ್ತಾರೆ. ಕಾರಣ, ಆ ‘ಲೌ’ ಶೈತಾನನ ಕೆಲಸಕ್ಕೆ ಬಾಗಿಲು ತೆರೆಯುತ್ತದೆ. ನಾವು ಈ ಹದೀಸಿನ ಎರಡನೇ ಅರ್ಧವನ್ನು ಮಾತ್ರ ಮರಣದ ಮನೆಯಲ್ಲಿ ಹೇಳುತ್ತೇವೆ. ಮೊದಲ ಅರ್ಧವನ್ನು ಯಾರೂ ಹೇಳುವುದಿಲ್ಲ.

ಎಲ್ಲ ‘ಲೌ’ ಕೂಡ ನಿಷಿದ್ಧವಲ್ಲ. ಇಮಾಮ್ ಬುಖಾರಿ ತಮ್ಮ ಸಹೀಹ್‌ನಲ್ಲಿ ಯಾವ ‘ಲೌ’ ಹೇಳಬಹುದು ಎಂಬುದಕ್ಕೇ ಒಂದು ಅಧ್ಯಾಯ ಇಟ್ಟಿದ್ದಾರೆ. ವಿದಾಯದ ಹಜ್ಜಿನಲ್ಲಿ ಪ್ರವಾದಿ(ಸ)ರೇ, ಈಗ ತಿಳಿದದ್ದು ಮೊದಲೇ ತಿಳಿದಿದ್ದರೆ ನಾನು ಬಲಿಮೃಗಗಳನ್ನು ಜೊತೆಗೆ ತರುತ್ತಿರಲಿಲ್ಲ ಎಂಬರ್ಥದ ಮಾತು ಹೇಳಿದ್ದಾರೆ. ಅದು ಜನರಿಗೆ ದಾರಿ ತೋರಿಸುವ ಮಾತು, ಅದರಲ್ಲಿ ಕೊರಗಿಲ್ಲ.

‘ಲೌ’ವನ್ನು ಬಳಸುವುದು ಹೇಗೆ ಎಂದು ತಿಳಿಯಬೇಕಾದರೆ ಉಮರ್(ರ)ರ ಬಳಿಗೆ ಹೋಗಬೇಕು. ಅವರು ಶಾಮ್ ದೇಶಕ್ಕೆ ಹೊರಟಿದ್ದರು. ಸರ್ಗ್ ಎಂಬಲ್ಲಿಗೆ ತಲುಪಿದಾಗ ಸೇನಾನಾಯಕ ಅಬೂ ಉಬೈದಾ(ರ) ಮತ್ತು ಇತರರು ಎದುರು ಬಂದು, ಶಾಮ್‌ನಲ್ಲಿ ಪ್ಲೇಗ್ ಹಬ್ಬಿದೆ ಎಂದರು. ಉಮರ್(ರ) ಮುಹಾಜಿರ್‌ಗಳನ್ನು ಕರೆದು ಕೇಳಿದರು, ಅಭಿಪ್ರಾಯಭೇದವಾಯಿತು. ಅನ್ಸಾರ್‌ಗಳನ್ನು ಕೇಳಿದರು, ಅಲ್ಲೂ ಹಾಗೆಯೇ. ಕುರೈಶ್‌ನ ಹಿರಿಯರನ್ನು ಕೇಳಿದಾಗ ಅವರು ಒಮ್ಮತದಿಂದ ಹಿಂತಿರುಗಿ ಎಂದರು. ಉಮರ್(ರ) ಹಿಂದಿರುಗುವ ತೀರ್ಮಾನ ಮಾಡಿದರು. ಆಗ ಅಬೂ ಉಬೈದಾ(ರ) ನೇರವಾಗಿ ಕೇಳಿದರು, ಅಲ್ಲಾಹನ ವಿಧಿಯಿಂದ ಓಡಿಹೋಗುತ್ತಿದ್ದೀರಾ ಎಂದು. ಉಮರ್(ರ)ಗೆ ಆ ಮಾತು ನೋವುಂಟುಮಾಡಿತು. ನಿಮ್ಮ ಹೊರತು ಬೇರೆ ಯಾರಾದರೂ ಇದನ್ನು ಹೇಳಿದ್ದರೆ ಆಗಿತ್ತು ಎಂಬಂತೆ ಮಾತಾಡಿ, ಹೌದು, ಅಲ್ಲಾಹನ ವಿಧಿಯಿಂದ ಅಲ್ಲಾಹನ ವಿಧಿಯ ಕಡೆಗೇ ಹೋಗುತ್ತಿದ್ದೇವೆ ಎಂದರು. ಆಮೇಲೆ ಒಂದು ದೃಷ್ಟಾಂತ ಕೊಟ್ಟರು. ನಿಮ್ಮ ಬಳಿ ಒಂಟೆಗಳಿವೆ, ಒಂದು ಕಣಿವೆಗೆ ಇಳಿದಿದ್ದೀರಿ, ಒಂದು ಬದಿ ಹಸಿರು, ಇನ್ನೊಂದು ಬದಿ ಬರಡು. ಹಸಿರಿನಲ್ಲಿ ಮೇಯಿಸಿದರೆ ಅದೂ ಅಲ್ಲಾಹನ ವಿಧಿಯಲ್ಲವೇ? ಬರಡಿನಲ್ಲಿ ಮೇಯಿಸಿದರೆ ಅದೂ ಅವನ ವಿಧಿಯಲ್ಲವೇ? ಅಷ್ಟರಲ್ಲಿ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಬಂದು, ಸಾಂಕ್ರಾಮಿಕವಿರುವ ಊರಿಗೆ ಹೋಗಬಾರದು, ಇರುವ ಊರಿನಿಂದ ಓಡಬಾರದು ಎಂಬ ಪ್ರವಾದಿ ವಚನ ತಮಗೆ ಗೊತ್ತೆಂದರು. ಉಮರ್(ರ) ಅಲ್ಲಾಹನನ್ನು ಸ್ತುತಿಸಿ ಹಿಂತಿರುಗಿದರು. ಇದು ಬುಖಾರಿಯಲ್ಲಿದೆ.

ಆ ಕಣಿವೆಯನ್ನು ಸ್ವಲ್ಪ ಹೊತ್ತು ನೋಡಿ. ಎವರೆಟ್ಟರ ಕವಲುಗಳಂತೆಯೇ ಎರಡು ಬದಿ. ಉಮರ್(ರ) ಕಣಿವೆಗೆ ಇಳಿಯುವ ಮೊದಲು ನಿಂತು ‘ಹೀಗೆ ಹೋದರೆ ಏನು, ಹಾಗೆ ಹೋದರೆ ಏನು’ ಎಂದು ಮೂರು ಗುಂಪುಗಳನ್ನು ಕರೆದು ಕೇಳಿದರು. ಅದು ಮುಂದಿನ ‘ಲೌ’. ಅದಕ್ಕೆ ಬುದ್ಧಿ ಬೇಕು, ಸಮಾಲೋಚನೆ ಬೇಕು. ಅಬೂ ಉಬೈದಾ(ರ) ತಮ್ಮ ಸೈನ್ಯದ ಜೊತೆಗೆ ಉಳಿದರು, ಹಿಜರಿ 18ರ ಆ ಪ್ಲೇಗಿನಲ್ಲೇ ತೀರಿಕೊಂಡರು. ಮುಂದೆ ಉಮರ್(ರ) ಮರಣಶಯ್ಯೆಯಲ್ಲಿದ್ದಾಗ, ಅಬೂ ಉಬೈದಾ ಬದುಕಿದ್ದರೆ ಅವರನ್ನೇ ಉತ್ತರಾಧಿಕಾರಿ ಮಾಡುತ್ತಿದ್ದೆ ಎಂದದ್ದು ಇತಿಹಾಸ ಗ್ರಂಥಗಳಲ್ಲಿದೆ. ಅಲ್ಲೂ ‘ಬದುಕಿದ್ದರೆ’ ಎಂಬ ಮಾತಿದೆ. ಅದರಲ್ಲಿ ಗೆಳೆಯನ ಮೇಲಿನ ಪ್ರೀತಿ ಇದೆ, ‘ನಾನು ಬಲವಂತವಾಗಿ ಕರೆತಂದಿದ್ದರೆ’ ಎಂಬ ಚಾಟಿ ಇಲ್ಲ.

ಇಲ್ಲಿ ಒಂದು ಮಾತು ಮಧ್ಯದಲ್ಲಿ ಹೇಳಿಬಿಡುತ್ತೇನೆ. ಮೂರು ಜನ ಒಂದೇ ಬೈಕಿನಲ್ಲಿ, ಹೆಲ್ಮೆಟ್ ಇಲ್ಲದೆ, ಲೈಸೆನ್ಸ್ ಇಲ್ಲದೆ ಇದೇ ಮಸೀದಿಯ ಅಂಗಳದಿಂದ ಹಾರಿಹೋಗುವ ಮಕ್ಕಳು ‘ಎಲ್ಲ ತಕ್ದೀರ್ ಉಸ್ತಾದ್’ ಎನ್ನುತ್ತಾರೆ. ಆದಮ್(ಅ) ಮತ್ತು ಮೂಸಾ(ಅ) ಅವರ ಸಂವಾದದ ಹದೀಸ್ ನೀವು ಕೇಳಿದ್ದೀರಿ. ತಾನು ಸೃಷ್ಟಿಯಾಗುವ ಮೊದಲೇ ಬರೆಯಲ್ಪಟ್ಟ ವಿಷಯಕ್ಕೆ ನನ್ನನ್ನು ದೂರುತ್ತೀಯಾ ಎಂದು ಆದಮ್(ಅ) ಕೇಳಿ ವಾದದಲ್ಲಿ ಗೆದ್ದರು. ಇದನ್ನು ವಿವರಿಸುತ್ತಾ ಉಲಮಾಗಳು, ವಿಧಿಯ ಮಾತು ಬಂದೊದಗಿದ ಸಂಕಟದ ಸಮಾಧಾನಕ್ಕೆ, ಮಾಡುವ ತಪ್ಪಿನ ಸಮರ್ಥನೆಗಲ್ಲ ಎಂದಿದ್ದಾರೆ. ಆದಮ್(ಅ) ತಪ್ಪಿಗೆ ಮೊದಲೇ ತೌಬಾ ಮಾಡಿಯಾಗಿತ್ತು. ತಪ್ಪು ನಿಜವಾಗಿ ನಿಮ್ಮದಾಗಿದ್ದರೆ ತೌಬಾ ಇದೆ, ಪರಿಹಾರ ಕೊಡುವುದಿದೆ, ಕ್ಷಮೆ ಕೇಳುವುದಿದೆ. ‘ಎಲ್ಲ ಸಾಧ್ಯತೆಯೂ ಎಲ್ಲೋ ನಡೆದೇ ನಡೆಯುತ್ತದೆ, ನಾನು ಇಲ್ಲಿ ಒಳ್ಳೆಯವನಾಗಿ ಏನು ಪ್ರಯೋಜನ’ ಎಂದು ಕೇಳುವ ಹುಡುಗರಿಗೂ ಇದೇ ಉತ್ತರ. ಒಬ್ಬನ ಹೊರೆಯನ್ನು ಇನ್ನೊಬ್ಬ ಹೊರುವುದಿಲ್ಲ ಎಂಬುದು ಕುರ್‌ಆನಿನ ಬೋಧನೆ, ಇನ್ನೊಂದು ವಿಶ್ವದ ‘ನೀನು’ ಕೂಡ ಹೊರುವುದಿಲ್ಲ.

ಆದರೆ ನಮ್ಮ ಹುಡುಗ ಮಾಡಿದ್ದು ಏನು? ಪ್ರೀತಿಯಿಂದ ಅಣ್ಣನನ್ನು ಮನೆಗೆ ಕರೆದ. ಅದರಲ್ಲಿ ತೌಬಾ ಮಾಡುವಂಥದ್ದೇನೂ ಇಲ್ಲ.

‘ಫೋನ್ ಮಾಡದಿದ್ದರೆ’ ಎಂದು ನಾವು ಕಟ್ಟುವ ಇನ್ನೊಂದು ಲೋಕವನ್ನು ಗಮನಿಸಿ. ಅದರಲ್ಲಿ ಒಂದೇ ಒಂದು ವಸ್ತುವನ್ನು ಬದಲಿಸುತ್ತೇವೆ, ಉಳಿದದ್ದೆಲ್ಲ ನಮಗೆ ಬೇಕಾದ ಹಾಗೆ ಇರುತ್ತದೆ. ಬೆಳಿಗ್ಗೆಯ ಬಸ್ಸು ಸುರಕ್ಷಿತವಾಗಿ ಬರುತ್ತದೆ, ಅಣ್ಣನ ಮದುವೆಯಾಗುತ್ತದೆ, ಮಕ್ಕಳಾಗುತ್ತವೆ, ಅಮ್ಮ ನಗುತ್ತಾರೆ. ಆ ಲೋಕದಲ್ಲಿ ವಿಧಿ ಬರೆಯುವವರು ನಾವೇ. ಉಹುದ್‌ನ ನಂತರ ಮದೀನಾದಲ್ಲಿ ಕೆಲವರು, ಅವರು ನಮ್ಮ ಮಾತು ಕೇಳಿ ಮನೆಯಲ್ಲಿದ್ದಿದ್ದರೆ ಸಾಯುತ್ತಿರಲಿಲ್ಲ ಎಂದರು. ಅದಕ್ಕೆ ಸೂರಃ ಆಲು ಇಮ್ರಾನ್‌ನಲ್ಲಿ ಬಂದ ಉತ್ತರದ ತಾತ್ಪರ್ಯ, ನೀವು ಮನೆಗಳಲ್ಲಿದ್ದರೂ ಮರಣ ಬರೆಯಲ್ಪಟ್ಟವರು ತಾವು ಬೀಳಬೇಕಾದ ಜಾಗಕ್ಕೆ ತಾವೇ ಹೊರಟು ಬರುತ್ತಿದ್ದರು ಎಂಬುದು. ಇಂಥ ಮಾತುಗಳನ್ನು ಅಲ್ಲಾಹನು ‘ಹೃದಯದ ಕೊರಗು’ ಎಂದೇ ಅಲ್ಲಿ ಕರೆದಿದ್ದಾನೆ.

ಸೂರಃ ಕಹ್ಫ್‌ನಲ್ಲಿ ಮೂಸಾ(ಅ) ಮತ್ತು ಖಿಝ್ರ್(ಅ) ಅವರ ಕಥೆ ಶುಕ್ರವಾರಕ್ಕೊಮ್ಮೆ ಓದುತ್ತೇವೆ. ದೋಣಿಗೆ ರಂಧ್ರ ಮಾಡದಿದ್ದರೆ ರಾಜ ಕಿತ್ತುಕೊಳ್ಳುತ್ತಿದ್ದ, ಗೋಡೆ ನಿಲ್ಲಿಸದಿದ್ದರೆ ಅನಾಥರ ನಿಧಿ ಹೋಗುತ್ತಿತ್ತು. ನಡೆಯದೇ ಹೋದದ್ದು ನಡೆದಿದ್ದರೆ ಹೇಗಿರುತ್ತಿತ್ತು ಎಂದು ಅಲ್ಲಿ ಪರದೆ ಸ್ವಲ್ಪ ಸರಿಯುತ್ತದೆ. ಆದರೆ ದಯವಿಟ್ಟು, ಮಗನನ್ನು ಕಳೆದುಕೊಂಡ ಮನೆಗೆ ಹೋಗಿ ‘ಬದುಕಿದ್ದರೆ ಕೆಟ್ಟುಹೋಗುತ್ತಿದ್ದನೋ ಏನೋ, ಆ ಕಥೆಯಲ್ಲಿ ಇಲ್ಲವೇ’ ಎನ್ನಬೇಡಿ. ನಾನು ಈ ಮಾತನ್ನು ನನ್ನ ಕಿವಿಯಿಂದಲೇ ಕೇಳಿದ್ದೇನೆ. ಖಿಝ್ರ್(ಅ)ಗೆ ಅಲ್ಲಾಹನು ತಿಳಿಸಿದ್ದ. ನಿಮಗೆ ಯಾರು ತಿಳಿಸಿದರು? ಮೂಸಾ(ಅ)ರಂಥ ಪ್ರವಾದಿಗೇ ತಿಳಿಯದ ಇನ್ನೊಂದು ಕವಲು ನಮಗೆ ತಿಳಿದಿದೆ ಎಂಬ ಧೈರ್ಯ ಎಲ್ಲಿಂದ ಬಂತು? ‘ಫೋನ್ ಮಾಡದಿದ್ದರೆ ಬದುಕುತ್ತಿದ್ದ’ ಎನ್ನುವುದೂ ಇಂಥದೇ ಧೈರ್ಯ. ‘ಬದುಕಿದ್ದರೆ ಕೆಡುತ್ತಿದ್ದ’ ಎನ್ನುವುದೂ ಇದೇ.

ನಮ್ಮ ಅಕೀದಾ ಕಿತಾಬುಗಳಲ್ಲಿ ಒಂದು ಪಾಠವಿದೆ. ಅಲ್ಲಾಹನಿಗೆ ಆಗಿಹೋದದ್ದು ಗೊತ್ತು, ಆಗಲಿರುವುದು ಗೊತ್ತು, ಆಗದೇ ಹೋದದ್ದು ಆಗಿದ್ದರೆ ಹೇಗಾಗುತ್ತಿತ್ತು ಎಂಬುದೂ ಗೊತ್ತು. ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದಾಗ ನನಗೆ ಇದರ ಭಾರ ತಿಳಿದಿರಲಿಲ್ಲ. ಹುಡುಗನಿಗೆ ಅದನ್ನೇ ಹೇಳಿದೆ. “ನೀನು ಹುಡುಕುವ ಆ ಇನ್ನೊಂದು ಲೋಕ ಒಂದು ಕಡೆ ಖಂಡಿತ ಇದೆ ಮಗಾ. ಅಲ್ಲಾಹನ ಜ್ಞಾನದಲ್ಲಿ. ನೀನು ಫೋನ್ ಮಾಡದ ಆ ರಾತ್ರಿಯ ಪ್ರತಿ ನಿಮಿಷ ಅವನಿಗೆ ಗೊತ್ತು. ಅದು ಗೊತ್ತಿದ್ದೇ ಅವನು ಈ ರಾತ್ರಿಯನ್ನು ಆರಿಸಿದ. ಯಾಕೆ ಎಂದು ನನಗೆ ಗೊತ್ತಿಲ್ಲ. ಆದರೆ ಆ ಲೆಕ್ಕ ನಿನ್ನ ಫೋನಿನ ಕೈಯಲ್ಲಿ ಇರಲಿಲ್ಲ.”

ಬಹಳ ಹೊತ್ತು ಸುಮ್ಮನಿದ್ದು ಅವನು ಕೇಳಿದ: “ರಾತ್ರಿ ಮಲಗಿದಾಗ ಆ ಯೋಚನೆ ಬಂದೇ ಬರುತ್ತದೆ ಉಸ್ತಾದ್. ಅದು ಗುನಾಹಾ?” ಮನಸ್ಸಿನಲ್ಲಿ ಸುಳಿಯುವುದನ್ನು ಈ ಸಮುದಾಯಕ್ಕೆ ಅಲ್ಲಾಹನು ಮನ್ನಿಸಿದ್ದಾನೆ ಎಂಬ ಹದೀಸ್ ಇದೆ, ಬಂದರೆ ಬರಲಿ, ಅಣ್ಣನಿಗೊಂದು ಫಾತಿಹಾ ಓದಿ ಮಗ್ಗುಲಾಗು ಎಂದೆ.

ಎದ್ದು ಹೋಗುವಾಗ ಇನ್ನೊಂದು ಕೇಳಿದ. ಫೋನ್ ಮಾಡಿದ ವಿಷಯ ಅಮ್ಮನಿಗೆ ಗೊತ್ತಿಲ್ಲ, ಹೇಳಲೋ ಬೇಡವೋ? ಇದಕ್ಕೆ ಯಾವ ಕಿತಾಬಿನಲ್ಲೂ ನನಗೆ ಉತ್ತರ ಸಿಗಲಿಲ್ಲ. ಇಸ್ತಿಖಾರಾ ಮಾಡು, ಮನಸ್ಸು ಒಪ್ಪಿದರೆ ಹೇಳು ಎಂದೆ.

ಒಂದು ವಾರದ ಬಳಿಕ ಫಜ್ರ್ ಮುಗಿದು ಅವನು ಕಾದು ನಿಂತಿದ್ದ. ಹೇಳಿದನಂತೆ. ಅಮ್ಮ ಅವನ ಕೈ ಹಿಡಿದುಕೊಂಡು ತುಂಬಾ ಹೊತ್ತು ಮಾತೇ ಆಡಲಿಲ್ಲವಂತೆ. ಆಮೇಲೆ, ಅವತ್ತು ಸಂಜೆ ತಾನೂ ಫೋನ್ ಮಾಡಿದ್ದೆ ಎಂದರಂತೆ. ಮೀನು ಸಾರು ಮಾಡಿದ್ದೇನೆ, ರಾತ್ರಿಯೇ ಬಂದುಬಿಡು ಮಗಾ ಎಂದು. ಒಂದೇ ಮನೆಯಲ್ಲಿ, ಒಂದೇ ಗೋಡೆಯ ಆಚೆ ಈಚೆ, ಎಂಟು ತಿಂಗಳು ಇಬ್ಬರೂ ಅದೇ ಒಂದು ‘ಮಾಡದಿದ್ದರೆ’ಯನ್ನು ಹೊತ್ತುಕೊಂಡು ಮಲಗುತ್ತಿದ್ದರು.

ಇದನ್ನು ಹೇಳಲು ಅವರಿಬ್ಬರ ಅನುಮತಿ ಪಡೆದಿದ್ದೇನೆ. ಆ ತಾಯಿಯೇ, ಹೇಳಿ ಉಸ್ತಾದ್, ನಮ್ಮಂಥವರು ಬೇರೆ ಮನೆಗಳಲ್ಲೂ ಇರುತ್ತಾರೆ ಎಂದರು.

ಅಲ್ಲಾಹನು ಅವರ ಮಗನಿಗೆ ಮಗ್‌ಫಿರತ್ ನೀಡಲಿ, ಅವನ ಖಬರನ್ನು ವಿಶಾಲಗೊಳಿಸಲಿ, ಅವರನ್ನು ಜನ್ನತಿನಲ್ಲಿ ಒಟ್ಟು ಸೇರಿಸಲಿ. ಆಮೀನ್.